ಅಳುವ ಕಂತಿನ ಪಂಡಿತರು

ಐತಿಹಾಸಿಕ ಧಾರಾವಾಹಿಯ ಅಳುವ ಕಂತು ನೋಡುತ್ತ, ಕಣ್ಣೊರೆಸಿಕೊಳ್ಳುವುದಕ್ಕೂ ಮೊದಲು ಇಸವಿ ತಿದ್ದುವ ಗೃಹಸ್ಥರು ಕನ್ನಡಿಗರಿರುವ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಆದರೆ ಉತ್ತಮ ಮಾದರಿಗಳನ್ನು ಕಾಣಬೇಕಾದರೆ ಕೊಚ್ಚಿಗೋ ತಿರುವನಂತಪುರಕ್ಕೋ ಹೋಗಬೇಕು. ಇದಕ್ಕೆ ಕಾರಣ ನೌಕರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡಿಗರ ಕಡತಗಳೆಲ್ಲ ತಿರುವನಂತಪುರದ ಸೆಕ್ರೆಟೇರಿಯಟ್ಟಿನ ದಾರಿ ಹಿಡಿದವು. ಕಡತಗಳ ಹಿಂದೆ ಕೆಲವರು ನೌಕರರಾಗಿಯೂ ಹೋದರು. ಉಡುಪಿ, ಮಂಗಳೂರುಗಳಲ್ಲಿ ಹುಟ್ಟಿದ ಬ್ಯಾಂಕುಗಳು ತಮ್ಮ ಹುಡುಗರನ್ನು ವರ್ಗ ಮಾಡಿ ಕೊಚ್ಚಿಗೆ ಕಳಿಸಿದವು. ಹೋಟೆಲಿನವರು ಯಾವ ಆದೇಶಕ್ಕೂ ಕಾಯದೆ ತಾವೇ ಬಂದರು. ಇವರಲ್ಲಿ ನಿವೃತ್ತಿಯ ನಂತರ ಊರಿಗೆ ಮರಳುತ್ತೇವೆಂದು ವರ್ಷವರ್ಷವೂ ಹೇಳುತ್ತ, ಫ್ಲಾಟು ಕೊಂಡು ಅಲ್ಲೇ ಉಳಿದವರಿಂದ ಈ ಪಂಡಿತವರ್ಗ ಬೆಳೆಯಿತು.

ಹೊರ ಲಕ್ಷಣಗಳು ಹೀಗಿವೆ. ವಯಸ್ಸು ಅರವತ್ತರ ಮೇಲೆ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ರಿಮೋಟು ಕೊಂಡ ದಿನದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇರುತ್ತದೆ. ಪಕ್ಕದಲ್ಲಿ ಬ್ಯಾಂಕಿನವರು ಎಂದೋ ಕೊಟ್ಟ ಹಳೆಯ ಡೈರಿ; ಅದರಲ್ಲಿ ಹಾಲಿನ ಲೆಕ್ಕ ಮುಂದಿನಿಂದ, ಧಾರಾವಾಹಿಯ ತಪ್ಪುಗಳು ಹಿಂದಿನಿಂದ.

ಇಸವಿಯ ಹುಚ್ಚಿಗೆ ಊರಿನ ಪರಂಪರೆಯ ಆಧಾರವೂ ಉಂಟು. ಮಂಜೇಶ್ವರದ ಗೋವಿಂದ ಪೈಗಳು (1883–1963) ಕಾವ್ಯ ಬರೆದ ಕೈಯಲ್ಲೇ ಇತಿಹಾಸ ಸಂಶೋಧನೆಯನ್ನೂ ಮಾಡಿದವರು. ಪಂಡಿತರು ಪೈಗಳ ಪದ್ಯಗಳನ್ನು ಶಾಲೆಯಲ್ಲಿ ಓದಿದ್ದಾರೆ. ಸಂಶೋಧನೆಯನ್ನು ಓದಿಲ್ಲ, ಆದರೆ ಅದು ನೆಲದ ಗುಣದಿಂದಲೇ ತಮಗೆ ಬಂದಿದೆಯೆಂಬ ನಂಬಿಕೆ ಇದೆ. ಅಳುವುದಕ್ಕೂ ಪರಂಪರೆಯಿದೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಗದ್ದೆಯ ಆಟದಲ್ಲಿ ಬೆಳಗಿನವರೆಗೆ ನೋಡಿ ಬೆಳೆದವರಿಗೆ, ಸೀತೆಯ ಅಪಹರಣ ಹೇಗೂ ಆಗುತ್ತದೆಂದು ಗೊತ್ತಿದ್ದರೂ ಈ ಸಲ ಜಟಾಯು ಗೆಲ್ಲಬಹುದೇನೋ ಎಂಬ ಆಸೆ ಬಿಡುವುದಿಲ್ಲ. ಟಿವಿಯ ಮುಂದೆ ಕೂರುವ ಹೊತ್ತಿಗೆ ಅಳುವ ತರಬೇತಿ ಮುಗಿದಿತ್ತು.

ಆ ತರಬೇತಿ ಪರೀಕ್ಷೆಗೆ ಒಳಗಾದದ್ದು 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ, ರಾಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಬಂದಾಗ. ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೆಗೆ ಇಲ್ಲದವರೆಲ್ಲ ಬರುತ್ತಿದ್ದರು. ಹಿಂದಿ ಅಲ್ಲಿ ಕೂತ ಹೆಚ್ಚಿನವರಿಗೆ ಅಷ್ಟಕ್ಕಷ್ಟೆ. ಮಲಯಾಳಿ ಮನೆಯವರು ಕರ್ಕಿಡಕ ಮಾಸದಲ್ಲಿ ಎಳುತ್ತಚ್ಛನ್ನರ ಅಧ್ಯಾತ್ಮ ರಾಮಾಯಣ ಪಾರಾಯಣ ಮಾಡಿದ ಬಲದಿಂದ ಅರ್ಥ ಮಾಡಿಕೊಂಡರು, ಕನ್ನಡಿಗರು ಯಕ್ಷಗಾನದ ಬಲದಿಂದ. ಒಂದೇ ಪರದೆಯ ಮುಂದೆ ಎರಡು ಬೇರೆ ರಾಮಾಯಣಗಳು ನಡೆದವು. ದಶರಥ ಪ್ರಾಣ ಬಿಟ್ಟಾಗ ಮಾತ್ರ ಮೂಗೆಳೆಯುವ ಸದ್ದು ಎರಡೂ ಕಡೆಯಿಂದ ಒಟ್ಟಿಗೇ ಬಂತು. ಪಟ್ಟಾಭಿಷೇಕದೊಂದಿಗೆ ಕಥೆ ಮುಗಿದಾಗ ಉತ್ತರ ಭಾರತದ ಕೆಲವು ನಗರಗಳಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಉತ್ತರಕಾಂಡವೂ ಬರಬೇಕೆಂದು ಮುಷ್ಕರ ಹೂಡಿದರು; ಲವಕುಶರ ಕಥೆ ಬಂತು. ವೀಕ್ಷಕನ ಮಾತಿಗೆ ಬೆಲೆಯಿದೆಯೆಂಬುದಕ್ಕೆ ಪಂಡಿತರು ಇಂದಿಗೂ ಕೊಡುವ ಉದಾಹರಣೆ ಇದು. ತಾವು ಆಗ ಏನು ಹೂಡಿದ್ದರೆಂದು ಯಾರೂ ಕೇಳುವುದಿಲ್ಲ.

ನಿಜವಾದ ಇತಿಹಾಸ ಎದುರಾದದ್ದು 1990ರಲ್ಲಿ, ಸಂಜಯ್ ಖಾನರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಬಂದಾಗ. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ ಈ ಧಾರಾವಾಹಿಗೆ ಕೇರಳೀಯರಿಂದ ಬಲವಾದ ವಿರೋಧ ಬಂತು. ಕಡೆಗೆ, ಇದು ಕಾಲ್ಪನಿಕ ಕಥೆ ಎಂಬ ಘೋಷಣೆ ಸೇರಿಸಿ ತೋರಿಸಬೇಕಾಯಿತು. ಕಾಲ್ಪನಿಕವೆಂದು ಸಾರಿಕೊಂಡ ಧಾರಾವಾಹಿಯನ್ನು ನೋಡುವಾಗಲೇ ಕೊಚ್ಚಿಯಲ್ಲಿ ಪ್ರತಿಯೊಬ್ಬನಿಗೂ ತನ್ನತನ್ನ ಇತಿಹಾಸ ನೆನಪಾದದ್ದು ಗಮನಾರ್ಹ. ಮೈಸೂರಿನ ಸೈನ್ಯ ತಿರುವಾಂಕೂರಿನ ನೆಡುಂಕೋಟ್ಟೆ ಎಂಬ ಗಡಿಗೋಡೆಯ ಮೇಲೆ ಬಿದ್ದದ್ದು 1789ರ ಡಿಸೆಂಬರ್ ಕೊನೆಯಲ್ಲಿ. ಮೊದಲ ದಾಳಿ ಸೋತಿತು, ಮರುವರ್ಷ ಕೋಟೆ ಒಡೆಯಿತು. ಆ ಗೋಡೆಯ ನೆಲ ಕೊಚ್ಚಿಯಿಂದ ಬಸ್ಸಿನ ದೂರದಲ್ಲಿದೆ. ಈ ದಾಳಿಯೇ ಮೂರನೆಯ ಮೈಸೂರು ಯುದ್ಧಕ್ಕೆ ಕಾರಣವಾಗಿ, ಯುದ್ಧದ ಕೊನೆಗೆ 1792ರಲ್ಲಿ ಟಿಪ್ಪು ಹತ್ತು, ಎಂಟರ ಆಸುಪಾಸಿನ ತನ್ನ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು.

ಮಕ್ಕಳ ಒತ್ತೆಯ ಮಾತು ಬಂದರೆ ಪಂಡಿತರ ಸ್ವಭಾವವೆಲ್ಲ ಒಮ್ಮೆಗೇ ಹೊರಬೀಳುತ್ತದೆ. ಮಲಯಾಳಿ ಮನೆಯ ಯಜಮಾನರಿಗೆ ನ್ಯಾಯ ಗೊತ್ತು: ನಮ್ಮ ಕೋಟೆಗೆ ಕೈ ಹಾಕಿದವರಿಗೆ ಇದಾಗಲೇಬೇಕು. ಮೈಸೂರು ಕಡೆಯ ಅತಿಥಿಗಳಿಗೆ ಅಭಿಮಾನ: ನಾಲ್ಕು ಸೈನ್ಯ ಒಂದಾಗಿ ಬಂದರೆ ಯಾರು ತಾನೇ ತಡೆದಾರು? ಇಬ್ಬರೂ ವಾದಕ್ಕೆ ಸಿದ್ಧರಾಗಿ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾರೆ. ಅಷ್ಟರಲ್ಲಿ ಚಿಕ್ಕ ಹುಡುಗ ತಿರುಗಿ ಅಪ್ಪನ ಕಡೆ ನೋಡಿದನೆಂದರೆ ತಿರುವಾಂಕೂರಿಗೂ ಮೈಸೂರಿಗೂ ಏಕಕಾಲಕ್ಕೆ ಗಂಟಲು ಕಟ್ಟುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಕೆಮ್ಮಿ, “ಆ ಕಾಲದಲ್ಲಿ ಅಂಥ ಗುಂಡಿ ಇರಲಿಲ್ಲ ಸಾರ್, ಅಂಗಿಯ ಗುಂಡಿ ನೋಡಿ” ಎನ್ನುತ್ತಾರೆ. ಅತಿಥಿಗಳು ಕೃತಜ್ಞತೆಯಿಂದ ಗುಂಡಿಯ ಚರ್ಚೆಗೆ ಇಳಿಯುತ್ತಾರೆ. ಪಂಡಿತರ ಶಾಸ್ತ್ರದ ಮೂಲಸೂತ್ರ ಇಷ್ಟೇ: ಅಳು ಹೆಚ್ಚಾದಷ್ಟೂ ತಪ್ಪುಗಳು ಹೆಚ್ಚು ಕಾಣುತ್ತವೆ. ಒಣ ಕಂತುಗಳಲ್ಲಿ ಅವರ ಡೈರಿ ಖಾಲಿ. ರಾಜ ಸತ್ತ ದಿನ ಎರಡು ಪುಟ.

2020ರಲ್ಲಿ ಇವರ ಸುವರ್ಣಯುಗ ಮರಳಿತು. ಲಾಕ್‌ಡೌನಿನಲ್ಲಿ ಮಾರ್ಚ್ 28ರಿಂದ ‘ರಾಮಾಯಣ’ ದೂರದರ್ಶನದಲ್ಲಿ ಮತ್ತೆ ಶುರುವಾಯಿತು. ಏಪ್ರಿಲ್ 16ರ ಪ್ರಸಾರವನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನವೇ ಹೇಳಿಕೊಂಡಿತು. ಮರುಪ್ರಸಾರ ಶುರುವಾದ ವಾರವೇ, ಏಪ್ರಿಲ್ 1ರಂದು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಇಲ್ಲವಾಯಿತು. ಜೀವಮಾನವೆಲ್ಲ ಆ ಬ್ಯಾಂಕಿನಲ್ಲಿ ದುಡಿದ ಪಂಡಿತರು ಅಂದು ಸೀತಾರಾಮರ ಕಷ್ಟಕ್ಕೆ ಅತ್ತರೋ ಬ್ಯಾಂಕಿಗೆ ಅತ್ತರೋ ಮನೆಯವರಿಗೆ ಸ್ಪಷ್ಟವಾಗಲಿಲ್ಲ. ಅವರು ದೂರಿದ್ದು ಹಿನ್ನೆಲೆಯ ಪರದೆಯ ಬಣ್ಣವನ್ನು.

ಅಳುವ ಕಂತಿನ ದಿನಚರಿ ಪ್ರೋಮೊದಿಂದ ಆರಂಭವಾಗುತ್ತದೆ. ಮೂರು ದಿನ ಮೊದಲೇ ಒಬ್ಬ ತಾಯಿ ಕೈ ಚಾಚಿ ನಿಧಾನವಾಗಿ ಓಡುತ್ತಿರುತ್ತಾಳೆ. ಪಂಡಿತರು “ಎಲ್ಲ ಟಿಆರ್‌ಪಿಗೆ” ಎಂದು ಹೇಳಿ, ಆ ದಿನ ಸಂಜೆ ಯಾರೂ ಮನೆಗೆ ಬಾರದಂತೆ ವ್ಯವಸ್ಥೆ ಮಾಡುತ್ತಾರೆ. ಕುಕ್ಕರು ಕಂತಿಗೆ ಮೊದಲೇ ಕೂಗಿ ಮುಗಿಸಬೇಕು. ಮಳೆ ಬಂದರೆ ಡಿಶ್ ಸಿಗ್ನಲ್ ಹೋಗುತ್ತದೆ, ಕೇರಳದಲ್ಲಿ ಮಳೆ ಯಾವಾಗ ಬರುವುದಿಲ್ಲ? ಆದ್ದರಿಂದ ಮೊಬೈಲಿನಲ್ಲೂ ಆ್ಯಪ್ ಸಿದ್ಧವಾಗಿರುತ್ತದೆ. 2019ರ ಫೆಬ್ರುವರಿಯಲ್ಲಿ ನಿಯಂತ್ರಣ ಸಂಸ್ಥೆ ಟ್ರಾಯ್ ಹೊಸ ದರಪದ್ಧತಿ ತಂದ ಮೇಲೆ ಕನ್ನಡ ವಾಹಿನಿಯನ್ನು ಕೇಳಿ, ಹಣ ಕೊಟ್ಟು ಹಾಕಿಸಿಕೊಂಡದ್ದಾಗಿದೆ. ಕೊಟ್ಟ ಹಣಕ್ಕೆ ಅಳು ಬಾರದಿದ್ದರೆ ಲುಕ್ಸಾನು.

ಕಂತು ನಡೆಯುವಾಗ ಪಂಡಿತರು ಅಳುವುದಿಲ್ಲ. ಕಣ್ಣಿಗೆ ಕಸ ಬೀಳುತ್ತದೆ, ನೆಗಡಿಯಾಗುತ್ತದೆ, ಫ್ಯಾನಿನ ಗಾಳಿ ಜಾಸ್ತಿಯಾಗುತ್ತದೆ. ಜಾಹೀರಾತು ಬಂದ ಕೂಡಲೇ ಪಾಠ ಶುರು. ಕೊಚ್ಚಿಯ ಪಂಡಿತರಿಗೆ ಇಲ್ಲೊಂದು ವಿಶೇಷ ಅಧಿಕಾರವಿದೆ, ಅದು ಮೆಣಸಿನಕಾಯಿ. ಹನ್ನೆರಡನೆಯ ಶತಮಾನದ ಅಡುಗೆಮನೆಯಲ್ಲಿ ಒಣಮೆಣಸು ಕಂಡರೆ ಸಾಕು, ರಾಣಿಯ ವೈಧವ್ಯ ಹಿಂದೆ ಸರಿಯುತ್ತದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಅರಮನೆಯ ತುಂಬ ತೋರಣ ಕಟ್ಟಿದ ಚೆಂಡುಹೂವು ಎಲ್ಲವೂ ಅಮೆರಿಕ ಖಂಡದವು, ಪೋರ್ಚುಗೀಸರು ಬರುವವರೆಗೆ ನಮ್ಮಲ್ಲಿ ಇರಲಿಲ್ಲ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಬಳಿ ಇಳಿದ, 1524ರಲ್ಲಿ ಕೊಚ್ಚಿಯಲ್ಲೇ ಸತ್ತ. ಊರಿನಿಂದ ಬಂದ ನೆಂಟರನ್ನು ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಕರೆದೊಯ್ದು, ಗಾಮನನ್ನು ಮೊದಲು ಹೂಳಿದ್ದ ಜಾಗ ತೋರಿಸಿ, ಧಾರಾವಾಹಿಯ ರಾಣಿಗೆ ಒಗ್ಗರಣೆ ಹಾಕುವ ಹಕ್ಕಿರಲಿಲ್ಲವೆಂದು ಸಾಬೀತು ಮಾಡುವುದುಂಟು. ನೆಂಟರು ಬಂದದ್ದು ಚೀನಾ ಬಲೆ ನೋಡಲು.

ಪಂಡಿತರ ಹೆಂಡತಿ ಬೇರೆಯೇ ಬಗೆಯವರು. ಅವರು ನೇರವಾಗಿ ಅಳುತ್ತಾರೆ, ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ, ಬೆಳಿಗ್ಗೆಗೆ ಉದ್ದು ನೆನೆಹಾಕುತ್ತಾರೆ. “ಅಳುವುದಾದರೆ ಸರಿಯಾಗಿ ಅಳಿ, ನಡುನಡುವೆ ಪಾಠ ಬೇಡ” ಎಂಬುದು ಇವರ ಖಾಯಂ ತೀರ್ಪು. ಮಗ ಮದುವೆಯಾಗಿ ತಂದ ಮಲಯಾಳಿ ಸೊಸೆಗೆ ಕನ್ನಡ ಅರ್ಧ ಗೊತ್ತು. ಅತ್ತೆಯೊಂದಿಗೆ ಪೂರ್ತಿ ಅಳುತ್ತಾಳೆ. ಏಷ್ಯಾನೆಟ್‌ನಲ್ಲಿ ‘ಕೈಲಾಸನಾಥನ್’ ಬರುತ್ತಿದ್ದಾಗ ಅತ್ತೆ ಸೊಸೆಯ ಭಾಷೆಯಲ್ಲಿ ಅತ್ತಿದ್ದರು, ಲೆಕ್ಕ ಸರಿಹೋಗಿದೆ.

ಕಂತು ಮುಗಿದ ಮೇಲೆ ಊರಿಗೆ ಫೋನು ಹೋಗುತ್ತದೆ. “ಎಂತ ಭಾವ, ನೋಡಿದಿರಾ?” “ನೋಡಿದೆ ಮಾರಾಯ, ಒಬ್ಬ ಸಾಯ್ಲಿಕ್ಕೆ ಮೂರು ದಿನವಾ?” ಇಲ್ಲಿಂದ ಮಾತು ಸಾವಿಗೆ, ಸಾವಿನಿಂದ ಸಾಮ್ರಾಜ್ಯಕ್ಕೆ, ಸಾಮ್ರಾಜ್ಯದಿಂದ ಗಡಿಗೆ ಹೋಗುತ್ತದೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಹೇಳಿದ ಮಹಾಜನ ವರದಿಯ ಹತ್ತಿರ ಬಂದಾಗ ಫೋನು ಇಡುವ ಹೊತ್ತಾಯಿತೆಂದು ಎರಡೂ ಮನೆಯವರಿಗೆ ಗೊತ್ತಾಗುತ್ತದೆ. ಕದಂಬ, ಹೊಯ್ಸಳ, ಪೇಶ್ವೆ, ಯಾರ ಕಥೆಯಿಂದ ಹೊರಟರೂ ಕೊನೆಯ ನಿಲ್ದಾಣ ಅದೇ.

ತಿರುವನಂತಪುರದ ಪಂಡಿತರು ಕೊಚ್ಚಿಯವರಿಗಿಂತ ಗಂಭೀರ. ಸೆಕ್ರೆಟೇರಿಯಟ್ಟಿನಲ್ಲಿ ಟಿಪ್ಪಣಿ ಬರೆದು ಪಳಗಿದ ಇವರು ಡೈರಿಯಲ್ಲೂ ‘ಮೇಲಿನ ದೃಶ್ಯವನ್ನು ಪರಿಶೀಲಿಸಲಾಗಿ’ ಎಂದೇ ಶುರುಮಾಡುತ್ತಾರೆ. ರಜೆಯಲ್ಲಿ ಊರಿಗೆ ಹೋಗಿಬರುವಾಗ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಮೊಬೈಲು ಹಿಡಿದು ಕಂತು ನೋಡುತ್ತಾರೆ. ನೆಟ್‌ವರ್ಕ್ ಹೋಗಿ ರಾಜಮಾತೆಯ ಬಾಯಿ ತೆರೆದೇ ನಿಂತಾಗ, ಅವಳು ಮುಂದೆ ಹೇಳಬೇಕಾದ್ದನ್ನು ಎದುರು ಬರ್ತಿನವರಿಗೆ ತಾವೇ ಹೇಳಿ ಮುಗಿಸುತ್ತಾರೆ. ಧಾರಾವಾಹಿಯ ಮಾತಿಗಿಂತ ಇದು ಚೆನ್ನಾಗಿರುವುದೂ ಉಂಟು, ತಾಳಮದ್ದಳೆಯ ಊರಿನವರಲ್ಲವೇ!

ಪಂಡಿತರ ಶಾಸ್ತ್ರಕ್ಕೆ ಎಟುಕದ ಕಂತುಗಳೂ ಇವೆ; ಅವು ಬಂದದ್ದು ಡಬ್ಬಿಂಗ್ ಮೂಲಕ. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್ ನಿಷಿದ್ಧವೆಂಬಂತಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ಅಡ್ಡಿಯ ವಿರುದ್ಧ ಆದೇಶ ನೀಡಿತು, ಕೊರೋನಾ ವರ್ಷದಲ್ಲಿ ಬಾಗಿಲು ಪೂರ್ತಿ ತೆರೆಯಿತು. 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರರ ಜೀವನದ ‘ಮಹಾನಾಯಕ’ ಶುರುವಾದಾಗ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜನ ತಾವೇ ಹಣ ಹಾಕಿ ಫ್ಲೆಕ್ಸ್ ಕಟ್ಟಿದರು. ಧಾರಾವಾಹಿಗೆ ವೀಕ್ಷಕರೇ ಪ್ರಚಾರ ಮಾಡಿದ್ದು ಹೊಸತು. ಬಾಲಕ ಭೀಮರಾವ್ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕೂತದ್ದು, ಜವಾನ ಎತ್ತಿ ಹೊಯ್ದರೆ ಮಾತ್ರ ನೀರು ಕುಡಿದದ್ದು ಅಂಬೇಡ್ಕರರೇ ಬರೆದಿಟ್ಟ ಸಂಗತಿ. ಆ ಕಂತಿನಲ್ಲಿ ಡೈರಿ ತೆರೆದರೂ ಬರೆಯುವುದಕ್ಕೆ ಏನೂ ಸಿಗುವುದಿಲ್ಲ. ತಿರುವನಂತಪುರದವರು ತಿರುವಾಂಕೂರಿನ ದೇವಸ್ಥಾನ ಪ್ರವೇಶದ ಘೋಷಣೆ 1936ರ ನವೆಂಬರ್ 12ರದೆಂದು ನೆನಪಿಸಬಹುದು. ಕೊಚ್ಚಿ ಸಂಸ್ಥಾನ ಅಷ್ಟು ಮಾಡಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತೆಂದು ಸೇರಿಸಲೂಬಹುದು. ಆದರೆ ಅದಕ್ಕೆ ಮೊದಲು ತಮ್ಮ ಅಜ್ಜನ ಮನೆಯಲ್ಲಿ ನೀರು ಯಾರಿಗೆ, ಎಲ್ಲಿಂದ, ಹೇಗೆ ಹೊಯ್ಯುತ್ತಿದ್ದರೆಂಬುದು ನೆನಪಾಗಿರುತ್ತದೆ. ಆ ಸಂಜೆ ಭಾವನಿಗೆ ಫೋನು ಹೋಗುವುದಿಲ್ಲ.

ಇಂಥ ದಿನಗಳು ಅಪರೂಪ. ಉಳಿದಂತೆ ಧಾರಾವಾಹಿ ಮುಗಿಯುವ ಹಂತಕ್ಕೆ ಬಂದಾಗ ಪಂಡಿತರು ಡೈರಿಯ ತಪ್ಪುಗಳನ್ನೆಲ್ಲ ಕ್ರಮಸಂಖ್ಯೆ ಹಾಕಿ ಬಿಳಿ ಹಾಳೆಗೆ ಇಳಿಸಿ ವಾಹಿನಿಗೆ ಪತ್ರ ಬರೆಯುತ್ತಾರೆ. ಇಮೇಲಿಗೆ ಬೆಲೆಯಿಲ್ಲವೆಂದು ಅಂಚೆಯಲ್ಲೇ ಕಳಿಸುತ್ತಾರೆ. ಉತ್ತರ ಬರುವುದಿಲ್ಲ. ಧಾರಾವಾಹಿಯ ಜಾಗದಲ್ಲಿ ಕ್ವಿಜ್ ಕಾರ್ಯಕ್ರಮವೋ ಹಾಡಿನ ಸ್ಪರ್ಧೆಯೋ ಬರುತ್ತದೆ. ಹಾಡಿನ ಸ್ಪರ್ಧೆಯಲ್ಲಿ ಸೋತ ಹುಡುಗಿಯ ಅಮ್ಮ ವೇದಿಕೆಯ ಮೇಲೆ ಬಿಕ್ಕಿದಾಗ ಪಂಡಿತರ ಕಣ್ಣಿಗೆ ಮತ್ತೆ ಕಸ ಬೀಳುತ್ತದೆ, ಆ ಹಾಡಿನ ಸಿನಿಮಾ ಬಿಡುಗಡೆಯಾದ ವರ್ಷವನ್ನು ನಿರೂಪಕಿ ತಪ್ಪಾಗಿ ಹೇಳಿದ್ದು ಕಿವಿಗೂ ಬೀಳುತ್ತದೆ.