ಬಾಗಿಲಿಗೆ ಒರಗಿದವರು

ನಮ್ಮ ಕಡೆ ನೆಂಟರು ‘ಹೊರಟೆವು’ ಎಂದದ್ದಕ್ಕೂ ನಿಜವಾಗಿ ಹೊರಟದ್ದಕ್ಕೂ ನಡುವೆ ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಒಳಗೆ ಕೂತು ಕಾಫಿ ಕುಡಿಯುವಾಗ ನೆನಪಾಗದ ಮಾತೆಲ್ಲ ಕಾರಿನ ಬಾಗಿಲು ತೆಗೆದ ಮೇಲೆಯೇ ನೆನಪಾಗುವುದು. ಮಗಳ ಜಾತಕ, ಸೈಟಿನ ಖಾತೆ, ಯಾರದೋ ಮಂಡಿ ಆಪರೇಷನ್ನು, ಇವೆಲ್ಲ ಬೀದಿಯಲ್ಲಿ ನಿಂತು, ತೆರೆದ ಬಾಗಿಲ ಮೇಲೆ ಮೊಣಕೈ ಊರಿಕೊಂಡೇ ಇತ್ಯರ್ಥವಾಗಬೇಕು. ಆ ಬಾಗಿಲನ್ನು ಹಿಡಿದುಕೊಂಡಿರುವುದು ಕಿರುಬೆರಳಿಗಿಂತ ಸಣ್ಣ ಎರಡು ಪಿನ್ನು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ನಮ್ಮದು ಹಳೆಯ ಅಂಬಾಸಿಡರ್. ಉತ್ತರಪಾರಾದ ಕಾರ್ಖಾನೆಯವರು 2014ರಲ್ಲಿ ಅದನ್ನು ತಯಾರಿಸುವುದನ್ನು ನಿಲ್ಲಿಸಿದರು. ನಮ್ಮ ಬೀದಿಯವರು ಅದಕ್ಕೆ ಒರಗುವುದನ್ನು ಇನ್ನೂ ನಿಲ್ಲಿಸಿಲ್ಲ. ಈಗಿನ ಸಣ್ಣ ಕಾರುಗಳಿಗೆ ಒರಗಲು ಜನಕ್ಕೆ ಏನೋ ಸಂಕೋಚ. ಅಂಬಾಸಿಡರ್ ಕಂಡರೆ ಮಾತ್ರ ಹಳ್ಳಿಮನೆಯ ಜಗಲಿ ಕಂಡಷ್ಟು ಸಲಿಗೆ. ನಮ್ಮ ದೊಡ್ಡಮ್ಮ ಕಾರಿನಿಂದ ಇಳಿಯುವ ಪರಿ ನೀವು ನೋಡಬೇಕು: ಒಂದು ಕೈ ಬಾಗಿಲ ತುದಿಯ ಮೇಲೆ, ಇನ್ನೊಂದು ಮಂಡಿಯ ಮೇಲೆ, ಬಾಯಲ್ಲಿ ರಾಘವೇಂದ್ರ ಸ್ವಾಮಿಗಳು. ಬಾಗಿಲು ಕಿರ್ರೆಂದರೆ, “ಎಣ್ಣೆ ಬಿಡಬಾರದೇನೋ, ಪಾಪ ಹೇಗೆ ಕಿರುಚತ್ತೆ ನೋಡು” ಎಂದು ಬೈಗುಳ ನನಗೆ.

ಲೆಕ್ಕ ಹಾಕಿದರೆ ಅದು ಕಿರುಚುವುದರಲ್ಲಿ ತಪ್ಪೇನೂ ಇಲ್ಲ. ಬಾಗಿಲ ಅಗಲ ಸುಮಾರು ಒಂದು ಮೀಟರ್, ಎರಡು ಹಿಂಜ್‌ಗಳ ನಡುವಿನ ಅಂತರ ಒಂದಡಿ ಅಂತಿಟ್ಟುಕೊಳ್ಳಿ. ತುದಿಗೆ 10 ಕೆಜಿ ಭಾರ ಬಿದ್ದರೆ ಮೇಲಿನ ಹಿಂಜನ್ನು ಅದು 30 ಕೆಜಿಗೂ ಮೀರಿದ ಬಲದಿಂದ ಎಳೆಯುತ್ತದೆ, ಕೆಳಗಿನದನ್ನು ಅಷ್ಟೇ ಬಲದಿಂದ ಒತ್ತುತ್ತದೆ. ದೊಡ್ಡಮ್ಮನ ತೂಕ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲವಾದ್ದರಿಂದ ಲೆಕ್ಕ ಅಲ್ಲಿಗೇ ನಿಂತಿದೆ. ಎಣ್ಣೆ ಕಾಣದ ಪಿನ್ನು ಧೂಳು ಅರೆಯುತ್ತಾ ಸವೆಯುತ್ತದೆ, ದುಂಡಗಿದ್ದ ತೂತು ಒಂದು ಕಡೆಗೆ ಅಗಲವಾಗುತ್ತದೆ. ಬಾಗಿಲು ಕೂತುಬಿಡುತ್ತದೆ. ಲಾಕು ತಾನು ಕಚ್ಚಿಕೊಳ್ಳಬೇಕಾದ ಸ್ಟ್ರೈಕರ್‌ಗೆ ಹೋಗಿ ಬಡಿಯುತ್ತದೆಯೇ ಹೊರತು ಹಿಡಿಯುವುದಿಲ್ಲ. ಮನೆಯವರಿಗೆಲ್ಲ ‘ಸ್ವಲ್ಪ ಎತ್ತಿ ತಳ್ಳು’ ವಿದ್ಯೆ ಕರಗತ. ನೆಂಟರಿಗೆ ಅದು ಬಾರದು. ಅವರು ಧಡಾರ್ ಎಂದು ಬಡಿಯುತ್ತಾರೆ. ಬಡಿದಷ್ಟೂ ಸವೆತ, ಸವೆದಷ್ಟೂ ಬಡಿತ. ಬೀಡಿಂಗ್ ಸಂದಿಯಿಂದ ಮಳೆನೀರು ಒಳಗೆ ಬರುವುದು ಮೇಲಿನ ಭತ್ಯೆ.

ಇದಕ್ಕೆ ಒಂದು ಸೋಮಾರಿ ಚಿಕಿತ್ಸೆ ಉಂಟು. ಮೊದಲು ತೋರಿಸಿದ ಗ್ಯಾರೇಜಿನವನು ಬಾಗಿಲನ್ನು ಮುಟ್ಟಲೇ ಇಲ್ಲ. ಬಾಗಿಲ ಕಂಬದ ಮೇಲಿನ ಸ್ಟ್ರೈಕರ್ ಸ್ಕ್ರೂ ಸಡಿಲಿಸಿ, ಅದನ್ನೇ ಎರಡು ನೂಲು ಕೆಳಗಿಳಿಸಿ, “ಆಯ್ತು ಸಾರ್” ಅಂದ. ಬಾಗಿಲು ಹಾಕಿಕೊಂಡಿತು, ಮುಂದಿನ ಮಳೆಗಾಲದವರೆಗೆ. ಆಮೇಲೆ ಸಿಕ್ಕಿದ ಟಿಂಕರ್ ಭಾಯ್ ಅದನ್ನು ನೋಡಿ ತಲೆ ಚಚ್ಚಿಕೊಂಡರು. “ಬಾಗಿಲು ಕೂತಿದೆ ಅಂತ ಲಾಕನ್ನೂ ಕೂರಿಸಿದ್ದಾರಲ್ಲ ಸಾರ್! ಈಗ ಬಾಗಿಲು ಎತ್ತಿದ್ರೆ ಲಾಕ್ ಮೇಲೆ ಬರ್ಬೇಕು, ಡಬ್ಬಲ್ ಕೆಲಸ.”

ಭಾಯ್ ಬಾಗಿಲನ್ನು ಅರ್ಧ ತೆರೆದು, ಕುಕ್ಕರಗಾಲಲ್ಲಿ ಕೂತು, ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಕಣ್ಣು ಮಾತ್ರ ಕೈಯ ಕಡೆ ಇಲ್ಲ, ಹಿಂಜ್ ಕಡೆ. ಟಕ್ ಅಂತು. ಅಲ್ಲಿಂದಾಚೆಗೆ ಅವರು ನನ್ನ ಜೊತೆ ಮಾತಾಡಲಿಲ್ಲ. ಹಿಂಜ್ ಪಟ್ಟಿಯ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿದರು, ಬಾಗಿಲ ಕೆಳಗೆ ಜಾಕು, ಜಾಕಿನ ಮೇಲೆ ಮರದ ತುಂಡು, ಅದರ ಮೇಲೆ ಗೋಣಿತಾಟು. ಪಂಚ್ ಇಟ್ಟು ಸುತ್ತಿಗೆಯಲ್ಲಿ ಕುಟ್ಟಿ ಹೊರಗೆ ತೆಗೆದ ಪಿನ್ನಿನ ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಹಳ್ಳ. ಹಿಂಜು ಲೇತ್ ಅಂಗಡಿಗೆ ಹೋಯಿತು. ತೂತನ್ನು ಮತ್ತೆ ದುಂಡಗೆ ಕೊರೆದು, ಹಿತ್ತಾಳೆ ಬುಷ್ ಬಿಗಿಯಾಗಿ ಕೂರಿಸಿ, ಹೊಸ ಪಿನ್ನು ಹಾಕಿದ್ದಾಯಿತು. ಹಿತ್ತಾಳೆ ಮೆತ್ತಗಿರುವುದರಿಂದ ಮುಂದೆ ಸವೆಯುವುದು ಅಗ್ಗದ ಬುಷ್ಷು, ಹಿಂಜ್ ಉಳಿಯುತ್ತದೆ. ಪೆನ್ಸಿಲ್ ಗುರುತಿಗೆ ಸರಿಯಾಗಿ ಬೋಲ್ಟ್ ಬಿಗಿದು, ಸ್ಟ್ರೈಕರನ್ನು ಹಳೆಯ ಜಾಗಕ್ಕೆ ಎತ್ತಿ, ಭಾಯ್ ಒಂದೇ ಬೆರಳಲ್ಲಿ ಬಾಗಿಲು ನೂಕಿದರು. ಕ್ಲಿಕ್ ಎಂದು ಕೂತಿತು.

ದೊಡ್ಡಮ್ಮನಿಗೆ ಸಮಾಧಾನವಾಗಲಿಲ್ಲ. “ಇಷ್ಟು ಹಗುರಾಗಿಬಿಟ್ಟರೆ ಗಟ್ಟಿ ಇದೆಯೇನೋ ಅದು?” ಎಂದು ಎರಡು ಸಲ ಬಡಿದು ನೋಡಿದರು.

ಆರೈಕೆ ದೊಡ್ಡದೇನಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಹಿಂಜಿನ ಧೂಳು ಒರೆಸಿ, ಪಿನ್ನಿನ ನೆತ್ತಿಗೆ ನಾಲ್ಕು ತೊಟ್ಟು ಎಂಜಿನ್ ಆಯಿಲ್ ಬಿಟ್ಟು, ಬಾಗಿಲನ್ನು ಹತ್ತಾರು ಸಲ ಆಡಿಸಿ, ಹೊರಗೆ ಉಕ್ಕಿದ್ದನ್ನು ಒರೆಸಿಬಿಡಿ. ಗ್ರೀಸನ್ನು ಹೊರಗೆಲ್ಲ ಮೆತ್ತಿದರೆ ನಮ್ಮ ರಸ್ತೆಯ ಧೂಳು ಬಂದು ಅಂಟಿ ಅದೇ ಸಾಣೆ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಕಿರುಚಾಟ ಆ ಹೊತ್ತಿಗೆ ಅಡಗುತ್ತದೆ, ಅಷ್ಟೇ. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು ತುಕ್ಕೂ ಹಿಡಿಯುತ್ತದೆ, ಭಾರವೂ ಹೆಚ್ಚುತ್ತದೆ. ಕಡ್ಡಿ ಹಾಕಿ ಬಿಡಿಸಿ.

ಮುಂದಿನ ಸಲ ಕಾರು ತೊಳೆಯುವಾಗ ಡ್ರೈವರ್ ಕಡೆಯ ಬಾಗಿಲು ಅರ್ಧ ತೆಗೆದು ತುದಿಯನ್ನು ಮೇಲಕ್ಕೆ ಎತ್ತಿ ನೋಡಿ. ಟಕ್ ಅಂದರೆ ಸ್ಟ್ರೈಕರ್ ಮುಟ್ಟಲು ಯಾರಿಗೂ ಬಿಡಬೇಡಿ, ಪಿನ್ನು ಬುಷ್ಷು ಬದಲಾಯಿಸಿ.