ಸೋತಾಗ ಹೆಗೆಲ್, ಗೆದ್ದಾಗ ಗೈಡು

“ತತ್ವಶಾಸ್ತ್ರ ಹೊಟ್ಟೆ ತುಂಬಿದವರ ಬಾಬತ್ತು ಕಣ್ರೀ. ಅದಕ್ಕೆ ಮಾರ್ಕ್ಸ್ ಮಂಗಳ ಹಾಡಿ ಯಾವ ಕಾಲವಾಯಿತು!” ಎಂದರು ಪಕ್ಕದ ಮನೆಯ ರಾಯರು, ಕಾಂಪೌಂಡಿನ ಮೇಲೆ ಮೊಣಕೈ ಊರಿ. ರಾಯರು ಬ್ಯಾಂಕಿನಿಂದ ನಿವೃತ್ತರು. ಯೂನಿಯನ್ನಿನಿಂದ ಇನ್ನೂ ಆಗಿಲ್ಲ. ಅವರು ಹೀಗೆ ಅಪ್ಪಣೆ ಕೊಡಿಸಿದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಅಲ್ಲ ರಾಯರೇ, ಆ ಮನುಷ್ಯನಿಗೆ ಡಾಕ್ಟರೇಟ್ ಬಂದದ್ದು ಯಾವುದಕ್ಕೆ? ಕೂಲಿಗಲ್ಲ, ಬಂಡವಾಳಕ್ಕಲ್ಲ, ಡೆಮಾಕ್ರಿಟಸ್, ಎಪಿಕ್ಯೂರಸ್ ಎಂಬ ಇಬ್ಬರು ಹಳೆಯ ಗ್ರೀಕರ ಪರಮಾಣುಗಳಿಗೆ. ಎಪಿಕ್ಯೂರಸ್‌ನ ಪರಮಾಣು ಬೀಳುತ್ತ ಬೀಳುತ್ತ ತುಸು ಓರೆಯಾಗುತ್ತದೆ. ಆ ಓರೆಯಲ್ಲಿ ಸ್ವಾತಂತ್ರ್ಯಕ್ಕೆ ಜಾಗವಿದೆ ಅನ್ನೋದು ಮಾರ್ಕ್ಸ್‌ನ ವಾದ. ಬರ್ಲಿನ್ನಿನಲ್ಲಿ ಓದಿದ ಹುಡುಗ 1841ರಲ್ಲಿ ಪ್ರಬಂಧವನ್ನು ಯೇನಾ ವಿಶ್ವವಿದ್ಯಾಲಯಕ್ಕೆ ಕಳಿಸಿ, ಖುದ್ದು ಹಾಜರಾಗದೆಯೇ ಡಾಕ್ಟರ್ ಆದ.

“ಅದು ಎಳೆ ವಯಸ್ಸಿನ ಖಯಾಲಿ,” ಎಂದರು ರಾಯರು. “1845ರಲ್ಲಿ ಫಾಯರ್‌ಬಾಕ್ ಎಂಬ ದಾರ್ಶನಿಕನ ಬಗ್ಗೆ ಹನ್ನೊಂದು ಟಿಪ್ಪಣಿ ಬರೆದನಲ್ಲ, ಕೊನೆಯದನ್ನು ಲಂಡನ್ನಿನ ಗೋರಿಯ ಮೇಲೇ ಕೆತ್ತಿದ್ದಾರೆ. ದಾರ್ಶನಿಕರ ವ್ಯಾಖ್ಯಾನಕ್ಕಿಂತ ಬದಲಾವಣೆ ದೊಡ್ಡದು ಅಂತ.”

ಕೆತ್ತಿದ್ದಾರೆ ನಿಜ. ಆದರೆ ಆ ಟಿಪ್ಪಣಿಗಳು ಅವನಿರುವ ತನಕ ನೋಟ್‌ಬುಕ್ಕಿನಲ್ಲೇ ಇದ್ದವು. ಅವನು ಸತ್ತ ಐದು ವರ್ಷಕ್ಕೆ, 1888ರಲ್ಲಿ, ಅವನ ಗೆಳೆಯ ಏಂಗೆಲ್ಸ್ ಅಚ್ಚು ಹಾಕಿಸಿದ. ಅದೇ ಕಾಲದಲ್ಲಿ ಇಬ್ಬರೂ ಸೇರಿ ಬರೆದ ‘ಜರ್ಮನ್ ಐಡಿಯಾಲಜಿ’ಗೆ ಪ್ರಕಾಶಕರು ಸಿಗದೆ, ಹಸ್ತಪ್ರತಿಯನ್ನು ಇಲಿಗಳಿಗೆ ಬಿಟ್ಟೆವು ಎಂದು ಮಾರ್ಕ್ಸೇ ಆಮೇಲೆ ಹೇಳಿಕೊಂಡ. ಅದು ಪೂರ್ತಿಯಾಗಿ ಹೊರಬಂದದ್ದು 1932ರಲ್ಲಿ. ತತ್ವಶಾಸ್ತ್ರಕ್ಕೆ ಮಂಗಳ ಹಾಡಿದ ಪುಸ್ತಕವೇ ತತ್ವಶಾಸ್ತ್ರದ ಮೇಷ್ಟ್ರುಗಳಿಗೆ ಹೊಸ ಪಾಠವಾಯಿತು!

ಇನ್ನೊಂದು ಕೇಳಿ. 1848ರ ಕ್ರಾಂತಿಗಳೆಲ್ಲ ಮಣ್ಣುಪಾಲಾಗಿ ಮಾರ್ಕ್ಸ್ ಲಂಡನ್ನಿನಲ್ಲಿ ಅರ್ಥಶಾಸ್ತ್ರದ ಲೆಕ್ಕದಲ್ಲಿ ಮುಳುಗಿದ್ದಾಗ ಫ್ರೈಲಿಗ್ರಾತ್ ಎಂಬ ಕವಿ ಜರ್ಮನ್ ದಾರ್ಶನಿಕ ಹೆಗೆಲ್‌ನ ಕೆಲವು ಸಂಪುಟಗಳನ್ನು ತಂದುಕೊಟ್ಟ. ಕವಿ ನಿಮ್ಮ ಹಾಗೇ ಬ್ಯಾಂಕಿನವನು. ಪುಸ್ತಕಗಳು ಮೊದಲು ಅರಾಜಕತಾವಾದಿ ಬಕುನಿನ್‌ನವು. ಅದೇ ಬಕುನಿನ್‌ನನ್ನು 1872ರಲ್ಲಿ ಕಾರ್ಮಿಕರ ಸಂಘವಾದ ಇಂಟರ್‌ನ್ಯಾಷನಲ್‌ನಿಂದ ಹೊರಗೆ ಹಾಕಿದರು. ವಿಚಾರದ ವಿಧಾನಕ್ಕೆ ಈ ಓದು ತುಂಬ ಒದಗಿತು, ಬಿಡುವಾದರೆ ಹೆಗೆಲ್‌ನ ತಿರುಳನ್ನು ಸಾಮಾನ್ಯರಿಗೆ ತಿಳಿಯುವಂತೆ ಚಿಕ್ಕದಾಗಿ ಬರೆಯುತ್ತೇನೆ ಎಂದು ಮಾರ್ಕ್ಸ್ 1858ರಲ್ಲಿ ಏಂಗೆಲ್ಸ್‌ಗೆ ಬರೆದ. ಬಿಡುವಾಗಲೇ ಇಲ್ಲ. ಆಗಿದ್ದರೆ ಆಮೇಲಿನವರ ದಪ್ಪ ದಪ್ಪ ಪುಸ್ತಕಗಳಿಂದ ನಾವು ಪಾರಾಗುತ್ತಿದ್ದೆವೋ ಏನೋ.

“ಲೆನಿನ್ ಹಾಗಲ್ಲ. ಅವನು ಕೆಲಸದ ಮನುಷ್ಯ.”

ಕೆಲಸದ ಮನುಷ್ಯನ ಕೆಲಸ ಕೇಳಿ ಹಾಗಾದರೆ. ರಷ್ಯಾದ 1905ರ ಕ್ರಾಂತಿ ಸೋತು ಪಕ್ಷ ಚಿಂದಿಯಾಗಿದ್ದಾಗ, 1908ರಲ್ಲಿ, ಆಸಾಮಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಮಾಖ್ ಎಂಬ ಭೌತವಿಜ್ಞಾನಿಯ ತತ್ವವನ್ನು ಖಂಡಿಸಲು ಟಿಪ್ಪಣಿ ಮಾಡುತ್ತಿದ್ದ. ಏಕೆಂದರೆ ಅವನದೇ ಪಕ್ಷದ ಬೊಗ್ದಾನೊವ್ ಮಾಖ್‌ನ ದಾರಿ ಹಿಡಿದಿದ್ದ. ಅದೇ ವರ್ಷ ಕಾಪ್ರಿ ದ್ವೀಪದಲ್ಲಿ, ಲೇಖಕ ಗಾರ್ಕಿಯ ಮನೆಯಲ್ಲಿ, ಲೆನಿನ್, ಬೊಗ್ದಾನೊವ್ ಇಬ್ಬರೂ ಚದುರಂಗ ಆಡುತ್ತ ಕೂತ ಫೋಟೊ ಇದೆ. ಖಂಡನೆಯ ಪುಸ್ತಕ 1909ರಲ್ಲಿ ಬಂತು. 1914ರ ಆಗಸ್ಟಿನಲ್ಲಿ ಜರ್ಮನಿಯ ಸಮಾಜವಾದಿಗಳೇ ಯುದ್ಧದ ಖರ್ಚಿಗೆ ಕೈಯೆತ್ತಿದಾಗ ಲೆನಿನ್ ಏನು ಮಾಡಿದ? ಬರ್ನ್ ಪಟ್ಟಣದಲ್ಲಿ ಹೆಗೆಲ್‌ನ ತರ್ಕಶಾಸ್ತ್ರ ಬಿಚ್ಚಿದ. ಇದನ್ನು ಓದದೆ ಮಾರ್ಕ್ಸ್‌ನ ‘ಬಂಡವಾಳ’ ಪುಸ್ತಕ ಅರ್ಥವಾಗದು, ಆದ್ದರಿಂದ ಇಷ್ಟು ವರ್ಷ ಒಬ್ಬ ಮಾರ್ಕ್ಸ್‌ವಾದಿಗೂ ಮಾರ್ಕ್ಸ್ ಅರ್ಥವಾಗಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ. ಯೂನಿಯನ್ ಸಭೆಯಲ್ಲಿ ಈ ಮಾತು ಆಡಿ ನೋಡಿ!

ರಾಯರು ನಕ್ಕರು. “ಅಂದರೆ, ಸೋತಾಗ ಪುಸ್ತಕ ಹಿಡೀತಾರೆ ಅಂತೀರಿ.”

ಹಿಡಿಯಲೇಬೇಕಲ್ಲ? ಬದುಕಿನ ಸ್ಥಿತಿಗತಿ ಮನುಷ್ಯನ ವಿಚಾರವನ್ನು ರೂಪಿಸುತ್ತದೆ ಎನ್ನುವ ಭೌತಿಕವಾದಿಗಳು ನೀವು. ಸ್ಥಿತಿ ಮಾಗಿದ್ದೂ ಜನ ಕೈಕೊಟ್ಟರೆ, ಲೆಕ್ಕ ತಪ್ಪಿತೋ ಲೆಕ್ಕ ಮಾಡುವ ಕ್ರಮವೇ ತಪ್ಪೋ ಎಂದು ಕೇಳಬೇಕಾಗುತ್ತದೆ. ಕೂಲಿ, ಬೆಲೆ, ಲಾಭದ ಯಾವ ಪಟ್ಟಿಯೂ ಅದಕ್ಕೆ ಉತ್ತರ ಹೇಳದು. ಭೌತಿಕವಾದದಲ್ಲಿ ತತ್ವಶಾಸ್ತ್ರಕ್ಕಿರುವ ನೌಕರಿ ಅದೇ: ತನ್ನವರನ್ನೇ ಪ್ರಶ್ನೆ ಕೇಳುವುದು.

ಗೆದ್ದಮೇಲೆ ಈ ನೌಕರಿ ಕಷ್ಟ. 1922ರಲ್ಲಿ ಅದೇ ಲೆನಿನ್ನನ ಸರ್ಕಾರ, ಒಂದು ಕಾಲಕ್ಕೆ ಮಾರ್ಕ್ಸ್‌ವಾದಿಯೇ ಆಗಿದ್ದ ಬರ್ಡಿಯಾಯೆವ್‌ನಂಥ ದಾರ್ಶನಿಕರನ್ನು ಹಡಗು ಹತ್ತಿಸಿ ದೇಶದಾಚೆ ಕಳಿಸಿತು. ಸ್ಟಾಲಿನ್ನನಿಗೆ ಹೆಗೆಲ್ ಪಾಠ ಹೇಳಿಕೊಟ್ಟ ಯಾನ್ ಸ್ಟೆನ್‌ನನ್ನು 1937ರಲ್ಲಿ ಗುಂಡಿಕ್ಕಿ ಕೊಂದರು. ಮರುವರ್ಷ ಸ್ಟಾಲಿನ್ ತಾನೇ ಇಡೀ ದ್ವಂದ್ವಾತ್ಮಕ ಭೌತಿಕವಾದವನ್ನು ಒಂದೆರಡು ಮೂರು ಎಂದು ನಂಬರು ಹಾಕಿ ಪಕ್ಷದ ಚರಿತ್ರೆಯೊಳಗೆ ಸೇರಿಸಿದ, ಥೇಟ್ ಪರೀಕ್ಷೆಗೆ ಮಾರುವ ಗೈಡಿನಂತೆ. ಪ್ರಶ್ನೆಯೂ ಅದರಲ್ಲೇ, ಉತ್ತರವೂ ಅದರಲ್ಲೇ. ಅದೇ ಹೊತ್ತಿಗೆ ಇಟಲಿಯಲ್ಲಿ ಗ್ರಾಮ್ಷಿ ಎಂಬ ಮಾರ್ಕ್ಸ್‌ವಾದಿ ಮುಸೊಲಿನಿಯ ಸೆರೆಮನೆಯಲ್ಲಿ ನೋಟ್‌ಬುಕ್ ತುಂಬಿಸಿ ತೀರಿಕೊಂಡಿದ್ದ. ಇವತ್ತು ಯಾರನ್ನು ಓದುತ್ತಾರೆ ಹೇಳಿ.

ರಾಯರು ಒಂದು ಗಳಿಗೆ ಯೋಚಿಸಿದರು. “ನಿಮ್ಮ ಲೆಕ್ಕದ ಪ್ರಕಾರ ನಮ್ಮ ಎಡಪಕ್ಷಗಳಿಗೆ ಇದು ತತ್ವಶಾಸ್ತ್ರದ ಸುವರ್ಣಯುಗ ಆಗಬೇಕಿತ್ತಲ್ಲ? ಠೇವಣಿಯೇ ಉಳೀತಾ ಇಲ್ಲ.”

“ಬರೀ ಸೋತರೆ ಸಾಲದು ರಾಯರೇ,” ಎಂದೆ. “ಸೋತವರು ಲೈಬ್ರರಿಗೂ ಹೋಗಬೇಕು.”