ಕದ್ದರೆ ಕೈಹಿಡಿಯುವ ಬಳ್ಳಿ

ಮನಿ ಪ್ಲಾಂಟ್ ಎಂಬುದು ಹೆಸರಿನಲ್ಲಿ ದುಡ್ಡಿದ್ದರೂ ದುಡ್ಡು ಕೊಡದೆ ಸಿಗುವ ಗಿಡ. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ ಇದರ ತವರು. ಸಸ್ಯಶಾಸ್ತ್ರದ ಹೆಸರು ಎಪಿಪ್ರೆಮ್ನಮ್ ಆರಿಯಮ್. ಕೆಸು, ಸುವರ್ಣಗಡ್ಡೆಗಳು ಇದರ ದಾಯಾದಿಗಳು. ಹಾಗೆಂದು ಇದರ ಎಲೆಯಲ್ಲಿ ಪತ್ರೊಡೆ ಮಾಡಲು ಹೊರಡಬಾರದು. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿದ್ದು, ಜಗಿದ ಬಾಯಿ ಉರಿಯುತ್ತದೆ. ಬೆಕ್ಕು, ನಾಯಿ, ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಇದರ ಜಾಗ ಷೋಕೇಸಿನ ನೆತ್ತಿ.

ಕೊಂಡು ತಂದರೆ ಹಣ ಬಾರದು, ಕದ್ದು ತಂದರೆ ಬರುತ್ತದೆ ಎಂಬುದು ಈ ಗಿಡದ ಬಗೆಗಿನ ನಂಬಿಕೆ. ಹೀಗಾಗಿ ಜನ್ಮದಲ್ಲಿ ಪರರ ಸೊತ್ತು ಮುಟ್ಟದ ನಿವೃತ್ತ ಮೇಷ್ಟ್ರು ಸಹ ಬೆಳಗಿನ ವಾಕಿಂಗಿನಲ್ಲಿ ಯಾರದೋ ಕಾಂಪೌಂಡಿನ ಮುಂದೆ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗುತ್ತಾರೆ; ಎದ್ದಾಗ ಜುಬ್ಬದ ಜೇಬಿನಿಂದ ಒಂದೆಲೆ ಇಣುಕುತ್ತಿರುತ್ತದೆ. ಬರೀ ಎಲೆ ಕದ್ದವರು ಕೆಟ್ಟರು: ಅದು ಬಾಟಲಿಯಲ್ಲಿ ವಾರಗಟ್ಟಲೆ ಹಸಿರಾಗಿ ಕೂತರೂ ಚಿಗುರುವುದಿಲ್ಲ. ಗೆಣ್ಣಿರುವ ತುಂಡೇ ಬೇಕು. ಗೆಣ್ಣಿನ ಬಳಿಯ ಕಂದು ಮೊಟಕು ನೀರಿಗೆ ತಾಗಿದರೆ ಎರಡು ಮೂರು ವಾರಕ್ಕೆ ಬಿಳಿ ಬೇರಾಗುತ್ತದೆ. ನೀರನ್ನು ವಾರಕ್ಕೊಮ್ಮೆ ಬದಲಿಸದಿದ್ದರೆ ಲಕ್ಷ್ಮಿಗಿಂತ ಮೊದಲು ಡೆಂಗಿ ಸೊಳ್ಳೆ ಮನೆತುಂಬುತ್ತದೆ.

ಕುಂಡದಲ್ಲಿ ಈ ಗಿಡ ಬಾಯಾರಿಕೆಯಿಂದ ಸಾಯುವುದು ಅಪರೂಪ, ಅಕ್ಕರೆಯಿಂದ ಸಾಯುವುದೇ ಹೆಚ್ಚು. ಬೆಳಿಗ್ಗೆ ಅಜ್ಜಿ ಅಕ್ಕಿ ತೊಳೆದ ನೀರು ಹುಯ್ಯುತ್ತಾರೆ, ಮಧ್ಯಾಹ್ನ ಸೊಸೆ ಒಂದು ಚೊಂಬು, ಸಂಜೆ ಮೊಮ್ಮಗ ಸ್ಕೂಲ್ ಬಾಟಲಿಯಲ್ಲಿ ಉಳಿದಿದ್ದು. ಗಾಳಿ ಸಿಗದೆ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ‘ಪಾಪ, ಒಣಗ್ತಿದೆ’ ಎಂದು ಮೂವರೂ ಮತ್ತೊಂದೊಂದು ಲೋಟ ಸುರಿಯುತ್ತಾರೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ, ತೇವ ತಾಗದಿದ್ದರೆ ಮಾತ್ರ ನೀರು ಹಾಕುವುದು ಸರಿಯಾದ ಕ್ರಮ. ಕುಂಡದ ತಳದಲ್ಲಿ ತೂತಿರಬೇಕೆಂಬುದನ್ನು ಹೊಸ ಸೋಫಾ ಕವರ್ ಹಾಕಿದ ಮನೆಗಳು ಒಪ್ಪುವುದಿಲ್ಲ. ಅಡಿಗೊಂದು ತಟ್ಟೆಯಿಟ್ಟು ರಾಜಿಯಾಗಬಹುದು.

ನೇರ ಬಿಸಿಲು ಎಲೆಯನ್ನು ಸುಡುತ್ತದೆ. ಟಿವಿ ಹಿಂದಿನ ಕತ್ತಲಲ್ಲಿ ಗಿಡ ಬದುಕುತ್ತದಾದರೂ ಎಲೆಯ ಮೇಲಿನ ಹೊಂಬಣ್ಣ ಮಾಸಿ ಬರೀ ಹಸಿರುಳಿಯುತ್ತದೆ. ಕಿಟಕಿಯಿಂದ ಬರುವ ಹದವಾದ ಬೆಳಕೇ ಉತ್ತಮ. ಬಳ್ಳಿ ಮೇಲಕ್ಕೇರಬೇಕು, ಕೆಳಗೆ ಜೋತು ಬೀಳಬಾರದು ಎಂದು ವಾಸ್ತುವಿನವರು ಹೇಳುತ್ತಾರೆ. ಸಸ್ಯಶಾಸ್ತ್ರದ ಮಾತೂ ಸುಮಾರಾಗಿ ಅದೇ: ಹತ್ತಲು ಆಸರೆ ಸಿಕ್ಕರೆ ಎಲೆ ದೊಡ್ಡದಾಗುತ್ತದೆ, ಜೋತರೆ ಕಿರಿದಾಗುತ್ತದೆ. ಕಾಡಿನ ಮರವೇರಿದ ಬಳ್ಳಿ 20 ಮೀಟರ್ ಮುಟ್ಟಿ, ಮೊಳಕ್ಕೂ ಮೀರಿದ ಸೀಳೆಲೆಗಳನ್ನು ಬಿಡುವುದುಂಟು. ಮನೆಯಲ್ಲಿ ತೆಂಗಿನ ನಾರು ಸುತ್ತಿದ ಕೋಲೇ ಅದಕ್ಕೆ ಮರ.

ಈ ಗಿಡ ಹೂ ಬಿಡುವುದು ಬಲು ವಿರಳ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಇದರೊಳಗೆ ಸರಿಯಾಗಿ ತಯಾರಾಗದು ಎಂಬುದು 2016ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಹೂವಿಲ್ಲವೆಂದರೆ ಬೀಜವೂ ಇಲ್ಲ; ದುಂಬಿ, ಹಕ್ಕಿಗಳು ಮಾಡಬೇಕಾದ ಕೆಲಸವೆಲ್ಲ ಮೇಷ್ಟ್ರ ಜುಬ್ಬದ ಮೇಲೆ ಬಿದ್ದಿದೆ. ಕದ್ದವರಿಗೆ ಎಷ್ಟು ಹಣ ಬಂತೋ, ಬಳ್ಳಿಗಂತೂ ವಂಶ ಬೆಳೆಯಿತು.

ಬಳ್ಳಿ ಅತಿಯಾಗಿ ಉದ್ದವಾದಾಗ ಗೆಣ್ಣಿನ ತುಸು ಮೇಲೆ ಕತ್ತರಿಸಿದರೆ ಪಕ್ಕದಲ್ಲಿ ಹೊಸ ಚಿಗುರು ಬರುತ್ತದೆ. ಕತ್ತರಿ ಹಾಕಲು ಮನಸ್ಸು ಬಾರದವರು ಕುಡಿಯನ್ನು ಕಾಂಪೌಂಡಿನಾಚೆ ಇಳಿಬಿಟ್ಟರೆ ಸಾಕು. ಮಿಕ್ಕಿದ್ದನ್ನು ಬೆಳಗಿನ ವಾಕಿಂಗಿನವರು ನೋಡಿಕೊಳ್ಳುತ್ತಾರೆ.